ಥೇಟ್ ಅವರಂಗೇ

ನನ್ನ ಗಂಟಲೊಳಗೆ ಬಹಳ ಮಂದಿ ಬಾಡಿಗೆಗೆ ಇದ್ದಾರೆ. ಕೂಡ್ಲಿಗಿ ಬಸ್ಸಿನ ಕಂಡಕ್ಟರ್ ಒಬ್ಬನಿದ್ದಾನೆ. ಚಿಲ್ಲರೆ ಕೇಳಿದ ಕೂಡಲೇ ಅವನಿಗೆ ಕೆಮ್ಮು ಬರುತ್ತದೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ಮೇಷ್ಟ್ರಿದ್ದಾರೆ. ಯಾವ ರಾಜ ಸತ್ತರೂ ತಮ್ಮ ಸ್ವಂತ ಸೋದರಮಾವನೇ ಹೋದ ಹಾಗೆ ಅವರ ದನಿ ಒದ್ದೆಯಾಗುತ್ತಿತ್ತು. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ ಇದ್ದಾಳೆ. ನಮ್ಮೂರ ಗೌಡರಂತೂ ಒಳಗಿನ ಪಡಸಾಲೆಯನ್ನೇ ಹಿಡಿದು ಕೂತಿದ್ದಾರೆ. ಇಷ್ಟು ಜನ ಬಾಡಿಗೆದಾರರಿದ್ದ ಮೇಲೆ ಮನೆಗೊಬ್ಬ ಯಜಮಾನ ಇರಲೇಬೇಕಲ್ಲ, ಅವನೆಲ್ಲಿ ಎಂದು ನೀವು ಕೇಳಬಹುದು. ನಾನೂ ಆಗಾಗ ಕರೆದು ನೋಡುತ್ತೇನೆ. ಯಾರೋ ‘ಓ’ ಅನ್ನುತ್ತಾರೆ. ಕಿವಿಗೊಟ್ಟು ಕೇಳಿದರೆ ಅದು ಗೌಡರ ದನಿ.

ಈ ಮಿಮಿಕ್ರಿ ವಿದ್ಯೆ ನನಗೆ ಶೋಕಿಗೆ ಬಂದದ್ದಲ್ಲ. ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು. ಅವೆರಡೂ ಪೀಠಿಕೆ. ನಿಜವಾದ ಪ್ರಶ್ನೆ ಅದರ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಬರುತ್ತದೆ: “ನೀವು ಯಾರ ಪೈಕಿ?” ನನ್ನ ಹೆಸರು ಬಸವರಾಜ. ಬಲು ಉಪಕಾರಿ ಹೆಸರು. ಗೌಡರ ಮನೆಯಲ್ಲೂ ಒಬ್ಬ ಬಸವರಾಜ ಇರುತ್ತಾನೆ, ಊರಾಚೆಯ ಕೇರಿಯಲ್ಲೂ ಇರುತ್ತಾನೆ. ಹೆಸರು ಬಾಯಿ ಬಿಡುವುದಿಲ್ಲ. ಊರು ಕೋಗಳಿಯ ಹತ್ತಿರ. ಅದೂ ಬಾಯಿ ಬಿಡುವುದಿಲ್ಲ. ಮೂರನೆಯ ಪ್ರಶ್ನೆಗೆ ಮಾತ್ರ ನಾನೇ ಬಾಯಿ ಬಿಡಬೇಕು.

ನಾವು ಮಾದಿಗರು. ನೋಡಿ, ಬರೆದೇಬಿಟ್ಟೆ. ಕಾಗದದ ಮೇಲೆ ಇದು ಎಷ್ಟು ಸಲೀಸು! ಕಾಗದ ಹುಬ್ಬು ಏರಿಸುವುದಿಲ್ಲ. ‘ಹೌದಾ’ ಎಂದು ಎದ್ದು ಒಳಗೆ ಹೋಗಿ ಬೇರೆ ಲೋಟ ಹುಡುಕುವುದಿಲ್ಲ.

ಕೊಟ್ಟೂರಿನ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಮೇಷ್ಟ್ರಾಗಿ ಸೇರಿದ ದಿನ ಮಾಲೀಕರಾದ ಕೊಟ್ರಪ್ಪನವರು ಈ ಪ್ರಶ್ನೆಯನ್ನು ಕೇಳಿಯೇ ಕೇಳಿದರು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಅರ್ಧ ಬಸ್ಸು ಇಳಿದು ಬರುತ್ತದೆ. ನಮ್ಮ ಕೊಟ್ರಪ್ಪನವರು ಆ ಅರ್ಧ ಬಸ್ಸಿನಲ್ಲೇ ಹೆಚ್ಚು ಒಳ್ಳೆಯವರು. ಶೇಂಗಾ ವ್ಯಾಪಾರಸ್ಥರು. ಅಂಗಡಿಯ ಮೇಲೊಂದು ಕೋಣೆ ಖಾಲಿ ಇತ್ತು, ಕಾಲ ಕಂಪ್ಯೂಟರಿನ ಕಡೆ ತಿರುಗಿತ್ತು, ಅಷ್ಟೇ. “ಯಾರ ಪೈಕಿಪಾ ನೀವು?” ಎಂದರು. ನಾನು ಸುಳ್ಳು ಹೇಳಲಿಲ್ಲ. ಕಾಲು ಕೊಂಚ ಅಗಲಿಸಿ ಕೂತು, ತೊಡೆಯ ಮೇಲೆ ಕೈಯೂರಿ, ನಮ್ಮೂರ ಗೌಡರ ದನಿಯಲ್ಲಿ, “ಕೋಗಳಿ ಕಡೇರು ನಾವು. ಮಳಿ ಆದ್ರ ಬಿತ್ತೋದು, ಇಲ್ಲಾಂದ್ರ ಮುಗಿಲು ನೋಡ್ಕೊಂತ ಕುಂಡ್ರೋದು. ಏನೈತ್ರಿ ಒಕ್ಕಲುತನದಾಗ!” ಎಂದು ನಿಟ್ಟುಸಿರುಬಿಟ್ಟೆ. ಒಂದೊಂದು ಅಕ್ಷರವೂ ಸತ್ಯ. ಬಿತ್ತುವವರು ನಾವೇ, ಹೊಲ ಮಾತ್ರ ಗೌಡರದು. ಕೊಟ್ರಪ್ಪನವರು, “ಖರೇ ಮಾತು, ಖರೇ ಮಾತು” ಎನ್ನುತ್ತ ತಮ್ಮ ಲೋಟದ ಪಕ್ಕದ ಲೋಟದಲ್ಲೇ ನನಗೆ ಚಹಾ ಕೊಡಿಸಿದರು.

ಆ ಕಾಲದ ಕಂಪ್ಯೂಟರ್ ಕೋಣೆ ನೀವು ನೋಡಿರಬೇಕು. ಗರ್ಭಗುಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಚಪ್ಪಲಿ ಹೊರಗೆ. ಬಾಗಿಲಿಗೆ ದಪ್ಪ ಪರದೆ. ಒಳಗೆ ತಣ್ಣನೆಯ ಗಾಳಿ, ಊದುಬತ್ತಿ, ಮಬ್ಬು ಬೆಳಕು. ಆಯುಧಪೂಜೆಗೆ ಮಾನಿಟರಿನ ಹಣೆಗೆ ವಿಭೂತಿ ಬಳಿದು ಕುಂಕುಮ ಇಟ್ಟರೆ, ಅದರ ಪುಡಿ ಕೀಬೋರ್ಡಿನೊಳಗೆ ಉದುರಿ ಸಂಕ್ರಾಂತಿಯವರೆಗೂ ‘ಅ’ ಒತ್ತಿದರೆ ಏನೂ ಮೂಡುತ್ತಿರಲಿಲ್ಲ. ಊರ ಗುಡಿಯಲ್ಲಿ ಹೊಸ್ತಿಲಾಚೆ ನಿಂತು ಕೈಮುಗಿದು ಬಂದ ವಂಶದವನು ನಾನು; ಈ ಗುಡಿಗೆ ನಾನೇ ಪೂಜಾರಿ. ಪರದೆ ಸರಿಸಿ, “ಒಬ್ಬೊಬ್ಬರಾಗಿ ಬರ್ರಿ, ಏನೂ ಮುಟ್ಟಬ್ಯಾಡ್ರಿ” ಎಂದು ಸಾಹುಕಾರರ ಮಕ್ಕಳಿಗೆ ಹೇಳುವಾಗ ನನಗಾಗುತ್ತಿದ್ದ ಸುಖವನ್ನು ಯಾವ ಭಾಷೆಯಲ್ಲಿ ಬರೆಯಲಿ?

ಈ ಸುಖಕ್ಕೆ ಕಲ್ಲು ಹಾಕಿದವಳು ಹುಲಿಗೆಮ್ಮಕ್ಕ.

ಹುಲಿಗೆಮ್ಮಕ್ಕ ಹಡಗಲಿಯವಳು, ನಮ್ಮವಳೇ, ಅಲ್ಲಿನ ಒಂದು ಸೆಂಟರಿನಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳಿಗೆ ಮಿಮಿಕ್ರಿ ಬರುತ್ತಿರಲಿಲ್ಲ; ಅದೇ ಅವಳ ದೋಷ. ಯಾರೋ ಕೇಳಿದರು, ಅವಳು ಹೇಳಿದಳು. ಮರುವಾರದಿಂದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಗಂಡು ಗೊತ್ತಾಯಿತು, ಒಬ್ಬಳಿಗೆ ಕಣ್ಣುನೋವು. ಕೊನೆಗೆ ಮಾಲೀಕರು ಬಹಳ ಸಂಕಟಪಟ್ಟು ಹೇಳಿದರಂತೆ: “ನಿಂದೇನೂ ತಪ್ಪಿಲ್ಲಬೇ ಯವ್ವಾ. ಪಾಠಕ್ಕ ಯಾರೂ ಅಡ್ಡಿ ಹೇಳಿಲ್ಲ. ಆದ್ರ ಕೀಬೋರ್ಡು ಎಲ್ಲಾರೂ ಮುಟ್ಟತಾರ ನೋಡು.”

ಕೆಲಸ ಹೋದ ಮೇಲೆ ಅವಳು ಹೊಸಪೇಟೆಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಕೂರತೊಡಗಿದಳು. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. “ಇಲ್ಲಿ ನೋಡಲೇ ಬಸ್ಯಾ. ಅಮೆರಿಕದಾಗ ಕರೇ ಮಂದಿ, ಕಂಪ್ಯೂಟರ್ ಕೆಲಸ ಮಾಡೋರು, ವರ್ಷಕ್ಕೊಮ್ಮೆ ಒಂದ ಕಡೆ ಕೂಡ್ತಾರಂತ. ಅವರದ ಸಮ್ಮೇಳನ. ಅವರ ಮಾತಾಡ್ತಾರ, ಅವರ ಕೇಳ್ತಾರ, ಒಬ್ಬರಿಗೊಬ್ಬರು ಕೆಲಸ ಕೊಡಸ್ತಾರ.” ಅದರದೊಂದು ಫೋಟೋ ಇತ್ತು. ಆ ಕಾಲದ ಇಂಟರ್‌ನೆಟ್ಟು ನಿಮಗೆ ಗೊತ್ತಲ್ಲ, ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು, ಗೋಡೆಗೆ ಸುಣ್ಣ ಇಳಿದಂತೆ. ಮೊದಲು ಸಭಾಂಗಣದ ದೀಪಗಳು ಬಂದವು. ಆಮೇಲೆ ಸಾಲುಸಾಲಾಗಿ ಗುಂಗುರು ಕೂದಲು. ಹಣೆಗಳು. ಕಣ್ಣುಗಳು, ಆಹಾ, ಏನು ಕಣ್ಣುಗಳು, ಹೆದರದ ಕಣ್ಣುಗಳು. ಮೂಗಿನ ತುದಿಯವರೆಗೆ ಇಳಿಯಿತು. ಬಾಯಿ ಬರುವ ಮುನ್ನ ಕರೆಂಟು ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸುಮ್ಮನೆ ಯೋಚಿಸಿದೆ. ಆ ಮಂದಿಗೆ ಅಡಗಿಕೊಳ್ಳುವ ಯೋಗವಿಲ್ಲ. ಬಾಗಿಲಲ್ಲಿ ಕಾಲಿಡುವ ಮೊದಲೇ ಚರ್ಮ ಒಳಗೆ ಹೋಗಿ ಸುದ್ದಿ ಮುಟ್ಟಿಸಿರುತ್ತದೆ. ನಮ್ಮ ಸೀಮೆಯಲ್ಲೋ ಎಲ್ಲರದೂ ಒಂದೇ ಬಣ್ಣ, ಬಿಸಿಲಿನ ಬಣ್ಣ. ಕೊಟ್ರಪ್ಪನವರು ನನಗಿಂತ ಒಂದು ಕೈ ಹೆಚ್ಚೇ ಕಪ್ಪು. ಹಾಗಾಗಿ ನಮ್ಮಲ್ಲಿ ಪಾಪ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಅಡಗಿಕೊಳ್ಳಲು ಬರುವುದು ಭಾಗ್ಯವೋ ಶಾಪವೋ? ಕೋಗಳಿಯ ಹಳೆಯ ಬಸದಿಯಲ್ಲಿ ಒಬ್ಬ ಜಿನ ನಿಂತಿದ್ದಾನೆ, ಎತ್ತರದ ಆಳು. ಮೈಮೇಲೆ ನೂಲಿನ ಎಳೆ ಇಲ್ಲ. ಸಣ್ಣವರಿದ್ದಾಗ ನಾವು ಕೇರಿಯ ಹುಡುಗರು ಅವನನ್ನು ನೋಡಿ ನಕ್ಕು ಓಡಿಬರುತ್ತಿದ್ದೆವು. ಪೂಜಿಸುತ್ತಿದ್ದವರು ಹೋದರು, ಕಟ್ಟಿಸಿದವರು ಹೋದರು, ರಾಜ್ಯಗಳೇ ಹೋದವು. ಅವನು ಮಾತ್ರ ಯಾರೂ ಏನೂ ಕೇಳದ ಹಾಗೆ ನಿಂತೇ ಇದ್ದಾನೆ. ಮುಚ್ಚಿಕೊಳ್ಳಲು ಏನೂ ಇಲ್ಲದವನನ್ನು ಏನಂತ ಕೇಳುತ್ತೀರಿ? ನಾನಾದರೋ ಮೈತುಂಬ ಬಟ್ಟೆ ಹಾಕಿ, ಅದರ ಮೇಲೆ ಗೌಡರ ದನಿಯ ಶಾಲು ಹೊದ್ದುಕೊಂಡು, ಸೆಕೆಗೆ ಬೆವರುತ್ತಿದ್ದೆ.

ಹುಲಿಗೆಮ್ಮಕ್ಕ ಅಷ್ಟಕ್ಕೆ ಬಿಡುವವಳಲ್ಲ. ಹಡಗಲಿಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತ್ತು. ಹಳೆಯ ಕಂಪ್ಯೂಟರುಗಳೂ ಸಿಕ್ಕಿದ್ದವು. ಅಲ್ಲಿ ನಮ್ಮದೇ ಸೆಂಟರು ತೆಗೆಯಬೇಕು; ಬೋರ್ಡಿನ ಮೇಲೆ ಕಲಿಸುವವರ ಹೆಸರು, ಊರು, ಕೇರಿ ಎಲ್ಲ ಬರೆಸಬೇಕು; ಬರುವವರು ಗೊತ್ತಿದ್ದೇ ಬರಬೇಕು. ಅವಳಿಗೆ ಬೇಕಿದ್ದದ್ದು ರವಿವಾರಕ್ಕೊಮ್ಮೆ ಬಂದು ಕಲಿಸುವ, ಬೋರ್ಡಿಗೆ ಹೆಸರು ಕೊಡುವ ನಮ್ಮವರು. ಅದಕ್ಕಾಗಿ ಈ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಮುಟ್ಟುವ ನಮ್ಮವರನ್ನೆಲ್ಲ ಒಮ್ಮೆ ಹರಪನಹಳ್ಳಿಯಲ್ಲಿ ಸೇರಿಸಿ, ಎದ್ದು ನಿಂತು ಹೆಸರು ಹೇಳಿಸಬೇಕು.

“ಯಾರೂ ಏಳಂಗಿಲ್ಲಕ್ಕ” ಎಂದೆ.

“ಒಬ್ಬ ಎದ್ರ ಏಳ್ತಾರ. ಆ ಒಬ್ಬ ನೀನ. ಮಂದಿ ಮುಂದ ನಿಂತು ಮಾತಾಡೋದು ನಿನಗ ನೀರು ಕುಡದಂಗ.”

“ಮಂದಿ ಮಾತು ಮಾತಾಡೋದು ನೀರು ಕುಡದಂಗ. ನನ್ನ ಮಾತು ಗಂಟಲಾಗ ಸಿಗಬೀಳ್ತೈತಿ.”

“ನೀರು ಕುಡದು ನುಂಗು” ಎಂದಳು. ನಾನು ಒಪ್ಪಿದೆ. ಅವಳ ಮಾತಿಗೆ ಒಪ್ಪದೆ ಬದುಕಿದವರನ್ನು ನಾನು ನೋಡಿಲ್ಲ.

ಸಮ್ಮೇಳನಕ್ಕೆ ಅಧ್ಯಕ್ಷರು ದಾವಣಗೆರೆಯಿಂದ ಬಂದರು: ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಅಧಿಕಾರಿಯಾಗಿದ್ದ ಹನುಮಂತಪ್ಪ ಸರ್. ನಮ್ಮವರಲ್ಲಿ ಅಷ್ಟು ಮೇಲೆ ಹೋದವರು ಬೇರೆ ಇರಲಿಲ್ಲ. ಅಷ್ಟು ಅಂಜುವವರೂ ಇರಲಿಲ್ಲ. ಕಲ್ಯಾಣಮಂಟಪದವರೊಂದಿಗೆ ಮಾತಾಡಿದವರು, ಬಟ್ಟೆಯ ಬ್ಯಾನರ್ ಬರೆಸಿದವರು ಅವರೇ. ಹುಲಿಗೆಮ್ಮಕ್ಕ ಕೊಟ್ಟ ಒಕ್ಕಣೆಯಲ್ಲಿ ‘ದಲಿತ’ ಎಂಬ ಪದವಿತ್ತು. ಸರ್ ಅದನ್ನು ಮೃದುವಾಗಿ ತೆಗೆದರು. “ಬ್ಯಾನರ್ ಮ್ಯಾಲೆ ಅದೆಲ್ಲ ಬ್ಯಾಡಮ್ಮ, ಹಾಲ್ ಕೊಡದಿಲ್ಲ. ಒಳಗೆ ಹೋದ ಮ್ಯಾಲೆ ನಾವ್ ನಾವೇ ಇರ್ತೀವಲ್ಲ” ಎಂದರು. ಹಾಗಾಗಿ ಉಳಿದದ್ದು ‘ಕಂಪ್ಯೂಟರ್ ತಂತ್ರಜ್ಞರ ಸಮ್ಮೇಳನ’ ಎಂದಷ್ಟೇ. ಅದರ ಕೆಳಗೆ ಪೇಂಟರು, ತಾನು ಜನ್ಮದಲ್ಲಿ ಬರೆದ ಪ್ರತಿಯೊಂದು ಬ್ಯಾನರಿನ ಕೆಳಗೆ ಬರೆಯುವ ಹಾಗೆ, ಕೆಂಪು ಬಣ್ಣದಲ್ಲಿ ಬರೆದ: ‘ಸರ್ವರಿಗೂ ಆದರದ ಸುಸ್ವಾಗತ.’

ಆ ಬ್ಯಾನರನ್ನು ವಾರ ಮೊದಲೇ ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರಿಗೇ ಕಟ್ಟಿದರು.

ಸಮ್ಮೇಳನದ ಬೆಳಿಗ್ಗೆ ಕೊಟ್ಟೂರಿನಲ್ಲಿ ಬಸ್ಸು ಹತ್ತಿದರೆ, ಪಕ್ಕದ ಸೀಟಿನಲ್ಲಿ ತಿಪ್ಪೇಶ. ಹಗರಿಬೊಮ್ಮನಹಳ್ಳಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವವನು. ಅಕ್ಷರಕ್ಕೊಂದು ಹೂವು ಇಡದೆ ಅವನಿಗೆ ಸಮಾಧಾನವಿಲ್ಲ. ವರ್ಷಗಳ ಪರಿಚಯ, ಆದರೂ ಇಬ್ಬರೂ ಮೂರನೆಯ ಪ್ರಶ್ನೆಯನ್ನು ಪರಸ್ಪರ ಕೇಳಿರಲಿಲ್ಲ. ನಾವು ಅದನ್ನು ಸಭ್ಯತೆ ಎಂದುಕೊಂಡಿದ್ದೆವು.

“ಎಲ್ಲಿಗಲೇ ತಿಪ್ಪ್ಯಾ?”

“ಹರಪನಹಳ್ಳಿಗಪಾ. ಮೆಕ್ಕೆಜೋಳದ ರೇಟು ಕೇಳ್ಕೊಂಡು ಬಾ ಅಂದ್ರು ನಮ್ಮಾವ. ನೀನು?”

“ಹಲ್ಲು ತೋರ್ಸಾಕ.”

“ಯಾವ ಹಲ್ಲು?”

ನಾನು ಎಡಗೆನ್ನೆ ಹಿಡಿದುಕೊಂಡೆ. ಚಿಗಟೇರಿ ದಾಟುವ ಹೊತ್ತಿಗೆ ಮರೆತು ಬಲಗೆನ್ನೆ ಹಿಡಿದಿದ್ದೆ. ತಿಪ್ಪೇಶ ನೋಡಿ ಕಿಟಕಿಯ ಕಡೆ ತಿರುಗಿದ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬ್ಯಾನರಿನ ಕಡೆ ಇಬ್ಬರೂ ಕತ್ತೆತ್ತದೆ, ಅವನು ಮಾರುಕಟ್ಟೆಯ ದಾರಿ, ನಾನು ಆಸ್ಪತ್ರೆಯ ದಾರಿ ಹಿಡಿದೆವು. ಕಲ್ಯಾಣಮಂಟಪದ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಜೊತೆ ಪರಿಚಿತ ಕಾಲು ಕಂಡಿತು.

“ಹಲ್ಲಿನ ಡಾಕ್ಟ್ರು ಇಲ್ಲೇ ಕುಂತಾರೇನು?” ಎಂದ ತಿಪ್ಪೇಶ.

“ಹೂಂ. ಮೆಕ್ಕೆಜೋಳಾನೂ ಇಲ್ಲೇ ತೂಗ್ತಾರಂತ.”

ಒಂದು ಗಳಿಗೆ ಇಬ್ಬರೂ ಬಗ್ಗಿಕೊಂಡೇ ನಕ್ಕೆವು. ಅವನ ಕಣ್ಣಲ್ಲಿ ನೀರು ಬಂತು. “ಲೇ ಬಸ್ಯಾ, ಇಷ್ಟ ದಿನ...” ಎಂದು ನನ್ನ ಭುಜ ಹಿಡಿದ. ಆ ದಿನ ನಿಜವಾಗಿ ನಡೆದ ಸಮ್ಮೇಳನ ಅಷ್ಟೇ. ಚಪ್ಪಲಿಗಳ ನಡುವೆ ಉದ್ಘಾಟನೆಯಾಗಿ, ಚಪ್ಪಲಿಗಳ ನಡುವೆಯೇ ಮುಗಿಯಿತು.

ಏಕೆಂದರೆ ಒಳಗೆ ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ಕೊಟ್ರಪ್ಪನವರು ಕೂತಿದ್ದರು.

ಅವರೊಬ್ಬರೇ ಅಲ್ಲ. ಬ್ಯಾನರ್ ಓದಿದ ಸರ್ವರೂ ಆದರಕ್ಕೆ ಓಗೊಟ್ಟು ಬಂದಿದ್ದರು. ಕೂಡ್ಲಿಗಿಯ ಸೆಂಟರ್ ಮಾಲೀಕರು, ಹಡಗಲಿಯವರು. ಹೌದು, ಕೀಬೋರ್ಡಿನ ಚಿಂತೆಯ ಅದೇ ಹಡಗಲಿಯವರು. ಕಂಪ್ಯೂಟರ್ ಎಂದರೆ ಏನೆಂದು ನೋಡಲು ಬಂದ ಮೆಕ್ಕೆಜೋಳದ ದಲ್ಲಾಳಿಗಳು, ಎಲ್ಲರೂ ಬಿಳಿ ಬಟ್ಟೆಯಲ್ಲಿ. ನಮ್ಮವರು ಒಬ್ಬೊಬ್ಬರಾಗಿ ಬರುತ್ತಿದ್ದರು, ಮುಂದಿನ ಸಾಲು ನೋಡುತ್ತಿದ್ದರು, ಅಲ್ಲೇ ಬಾಗಿಲಲ್ಲಿ ಮುಖ ಬದಲಿಸಿಕೊಂಡು ಹಿಂದಿನ ಸಾಲಿಗೆ ಹೋಗುತ್ತಿದ್ದರು. ಎದ್ದುನಿಂತು, ‘ಇದು ನಮ್ಮ ಸಭೆ, ನಿಮ್ಮದಲ್ಲ’ ಎನ್ನಬಹುದಿತ್ತು. ಹಾಗೆನ್ನಲು ಮೊದಲು ‘ನಾವು’ ಯಾರೆಂದು ಹೇಳಬೇಕಿತ್ತು. ಅದನ್ನು ಹೇಳಲು ಧೈರ್ಯ ಬರಲಿ ಎಂದೇ ಈ ಸಭೆ ಕರೆದದ್ದು. ಈ ಗಂಟನ್ನು ಬಿಚ್ಚಬಲ್ಲವರು ಯಾರಾದರೂ ಇದ್ದರೆ ನನಗೂ ತಿಳಿಸಿ.

ಬಿಳಿ ಬಟ್ಟೆ ಕಂಡರೆ ವೇದಿಕೆಗೆ ಕರೆಯುವುದು ನಮ್ಮ ಕಡೆಯ ರೂಢಿ. ಹನುಮಂತಪ್ಪ ಸರ್ ಕೈ ಮುಗಿದುಕೊಂಡೇ ಓಡಾಡಿ, ಮುಂದಿನ ಸಾಲನ್ನು ಹಾಗೆಯೇ ಎತ್ತಿ ವೇದಿಕೆಯ ಮೇಲಿಟ್ಟರು. ಹಾರ ಬಿದ್ದವು. ಕೊಟ್ರಪ್ಪನವರು ಮೈಕಿನ ಮುಂದೆ ನಿಂತು, ಮನಸ್ಸು ತುಂಬಿ, ಅವರದು ಯಾವಾಗಲೂ ತುಂಬಿದ ಮನಸ್ಸೇ, ಹೇಳಿದರು: “ನಾ ಓದಿದಾಂವ ಅಲ್ರಿ. ಆದ್ರ ಒಂದ್ ಮಾತು ಹೇಳ್ತೀನಿ. ಕಂಪ್ಯೂಟರಿಗೆ ಜಾತಿ ಇಲ್ಲ! ಒತ್ತಿದ್ದು ಬರಿತೈತಿ. ಒತ್ತಿದಾಂವ ಯಾವಾಂವ ಅಂತ ಕೇಳಂಗಿಲ್ಲ!”

ಸಭೆ ಚಪ್ಪಾಳೆ ತಟ್ಟಿತು. ಹಡಗಲಿಯ ಮಾಲೀಕರು ತಟ್ಟಿದರು. ನಮ್ಮವರೂ ತಟ್ಟಿದರು. ಹನುಮಂತಪ್ಪ ಸರ್ ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದರು. ಹಿಂದಿನ ಸಾಲಿನಲ್ಲಿ ಹುಲಿಗೆಮ್ಮಕ್ಕ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವುಗಳನ್ನೇ ನೋಡುತ್ತ ಕೂತಿದ್ದಳು.

ಅವಳು ಮಾತಾಡುವ ಸರದಿ ಬಂದಾಗ ಸರ್ ವೇದಿಕೆಯಿಂದ ಇಳಿದು ಬಂದು ಪಿಸುಗುಟ್ಟಿದರು: “ಇವತ್ತು ಬ್ಯಾಡಮ್ಮ. ವಾತಾವರಣ ಸರಿ ಇಲ್ಲ. ಇನ್ನೊಮ್ಮೆ ನೋಡಾಣ.” ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹಡಗಲಿಯ ಕೋಣೆಯ ಬೀಗದ ಕೈ ಅವಳ ಬೆರಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಒಂದು ಸುತ್ತು ತಿರುಗಿಸಿದಳು, ಅಷ್ಟೇ.

ಅದೇ ಹೊತ್ತಿಗೆ ಕೊಟ್ರಪ್ಪನವರ ಕಣ್ಣು ನನ್ನ ಮೇಲೆ ಬಿತ್ತು. “ಏ ಬಸವರಾಜಾ! ಇಲ್ಲೇ ಅದಿಯೇನು? ನೋಡ್ರಿ, ಇವ ನಮ್ಮ ಸೆಂಟರಿನ ಹುಡುಗ. ಭಾಳ ಚಂದ ಮಿಮಿಕ್ರಿ ಮಾಡ್ತಾನ. ಊಟ ಆಗೂಮಟ ಒಂದೀಟು ನಗಸಲಿ. ಬಾರಪಾ, ಬಾ!”

ನಾನು ಹೋದೆ. ಅಭ್ಯಾಸ ನೋಡಿ, ಮೈಕು ಕಂಡರೆ ಕಾಲು ತಾನೇ ನಡೆಯುತ್ತದೆ. ಕಂಡಕ್ಟರನನ್ನು ಕೆಮ್ಮಿಸಿದೆ. ಮೇಷ್ಟ್ರ ರಾಜರನ್ನು ಸಾಯಿಸಿದೆ. ಬದನೆಕಾಯಿ ಮುದುಕಿಯನ್ನು ಬೈಯಿಸಿದೆ. ಕೊಟ್ರಪ್ಪನವರು ಕಂಪ್ಯೂಟರ್ ಮಾರಲು ಬಂದವನ ಹತ್ತಿರ, “ಈ ಇಲಿ ಬ್ಯಾಡ ತಗೀರಿ, ಇಲಿ ಬಿಟ್ಟು ಎಷ್ಟಕ್ಕ ಕೊಡ್ತೀರಿ?” ಎಂದು ಮೌಸನ್ನು ಕಳಚಿ ಚೌಕಾಶಿ ಮಾಡಿದ್ದನ್ನು ಅವರ ಮುಂದೆಯೇ ಮಾಡಿ ತೋರಿಸಿದೆ, ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಸಭೆ ಹದಕ್ಕೆ ಬಂದಿತ್ತು. ಆಗ ನಾನು ಒಂದು ಲೋಟ ನೀರು ಕುಡಿದೆ. ಗಂಟಲೊಳಗಿನವರನ್ನೆಲ್ಲ ಹೊರಗೆ ಹೋಗಿ ಕೂರಲು ಹೇಳಿದೆ. ಗೌಡರೂ ಎದ್ದರು. ಖಾಲಿಯಾದ ಮನೆಯಲ್ಲಿ ನಿಂತು, ನಮ್ಮವ್ವನ ಹತ್ತಿರ ಮಾತಾಡುವ ದನಿಯಲ್ಲಿ, ಹೇಳಿದೆ.

“ನಾ ಬಸ್ಯಾ. ಕೋಗಳಿ ಸಮೀಪದ ಹಳ್ಳಿ ನಮ್ದು. ಊರಾಗಲ್ಲ, ಊರ ಹೊರಗಿನ ಕೇರಿ. ಮಾದಿಗರ ಮರಿಯಪ್ಪನ ಮಗ ನಾನು. ನಮ್ಮವ್ವ ದುರುಗವ್ವ. ನಮ್ಮಪ್ಪ ಹಲಿಗಿ ಬಾರಸ್ತಾನ, ನಾ ಕೀಬೋರ್ಡು ಬಾರಸ್ತೀನಿ.”

ಮಂಟಪ ಬಿದ್ದುಹೋಗುವ ಹಾಗೆ ನಗು.

ನನಗೆ ಮೊದಲು ಅರ್ಥವಾಗಲಿಲ್ಲ. “ನಗಬ್ಯಾಡ್ರಿ” ಎಂದೆ. ನಗು ಏರಿತು. “ಖರೇನ ಹೇಳಾಕತ್ತೀನ್ರಿ, ದೇವರಾಣಿ, ನಾ ನಿಮ್ಮ ಲೋಟದಾಗ ಚಾ ಕುಡದೀನಿ” ಎಂದೆ. ಹಡಗಲಿಯ ಮಾಲೀಕರು ಪಕ್ಕದವರ ಮೇಲೆ ಒರಗಿಬಿಟ್ಟರು. ನನ್ನ ದನಿ ನಡುಗಿತು. ಅದಕ್ಕೂ ಚಪ್ಪಾಳೆ ಬಿತ್ತು. ನಾನು ಸುಮ್ಮನಾದೆ, ಸುಮ್ಮನಾದ ರೀತಿಗೂ ಶಿಳ್ಳೆ ಬಿತ್ತು. ಇಷ್ಟು ವರ್ಷ ಬೇರೆಯವರ ದನಿಯಲ್ಲಿ ಹೇಳಿದ್ದನ್ನೆಲ್ಲ ಸತ್ಯವೆಂದು ನಂಬಿದ ಜನ, ನನ್ನ ದನಿ ಕೇಳಿದ ಕೂಡಲೇ ಕಲೆ ಎಂದು ಮೆಚ್ಚಿಕೊಂಡರು.

ಹಿಂದಿನ ಸಾಲುಗಳ ಕಡೆ ನೋಡಿದೆ. ಒಬ್ಬರಾದರೂ ಏಳುತ್ತಾರೆಂದು ನೋಡಿದೆ. ಅವರು ಮುಂದಿನವರಿಗಿಂತ ಜೋರಾಗಿ ನಗುತ್ತಿದ್ದರು. ತಿಪ್ಪೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಹೊತ್ತಿನಲ್ಲಿ ನಗದೆ ಇದ್ದವನು ಯಾರ ಪೈಕಿ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ.

ಕೊಟ್ರಪ್ಪನವರು ಕಣ್ಣೊರೆಸಿಕೊಳ್ಳುತ್ತ ಬಂದು ತಮ್ಮ ಹೆಗಲ ಶಾಲನ್ನೇ ತೆಗೆದು ನನಗೆ ಹೊದಿಸಿದರು. “ಏನ್ ಮಾಡ್ತಾನ್ರಿ ಇವ! ಥೇಟ್ ಅವರಂಗೇ! ಕಣ್ ಮುಚ್ಚಿ ಕೇಳಿದ್ರ ಅವರ ಬಂದು ನಿಂತಂಗಾತು!”

ಊಟಕ್ಕೆ ಎಲೆ ಹಾಕುವಾಗ ನಾನು ಹೊರಗೆ ಬಂದೆ. ಹುಲಿಗೆಮ್ಮಕ್ಕ ತನ್ನ ಚಪ್ಪಲಿ ಹುಡುಕುತ್ತಿದ್ದಳು.

“ಎದ್ದೆನಲ್ಲಕ್ಕ” ಎಂದೆ.

“ಎದ್ದಿ. ಹೇಳಿದಿ. ನಾ ಕೇಳೀನಿ.”

“ಅವರು ನಂಬಲಿಲ್ಲ.”

“ಮುಂದ ಕುಂತೋರು ನಂಬಲಿಲ್ಲ” ಎಂದಳು. “ಹಿಂದ ಕುಂತೋರು ನಂಬಿದ್ರು. ಅದಕ್ಕ ಅಷ್ಟು ನಕ್ರು.”

ಒಂದು ಚಪ್ಪಲಿ ಸಿಕ್ಕಿತ್ತು, ಇನ್ನೊಂದನ್ನು ಯಾರೋ ದೂರ ತಳ್ಳಿದ್ದರು. ತಂದುಕೊಟ್ಟೆ. ಹಾಕಿಕೊಂಡು, “ಶಾಲು ಚಂದ ಐತಿ, ಛಳಿಗಾಗ್ತೈತಿ ಇಟ್ಕ” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬ್ಯಾನರಿನ ಕೆಳಗೇ ಹಾದುಹೋದಳು. ಸರ್ವರಿಗೂ ಆದರದ ಸುಸ್ವಾಗತ.

ಹಡಗಲಿಯ ಕೋಣೆಗೆ ಬೋರ್ಡು ಬೀಳಲಿಲ್ಲ. ಅವಳು ತನ್ನ ಹೆಸರೊಂದನ್ನೇ ಬರೆಸಲು ಹೊರಟಿದ್ದಳು; ನಾನು ‘ನಂದೂ ಬರಸಕ್ಕ’ ಎಂದು ಹೇಳಿ ಕಳಿಸಿದ್ದೆ. ಅಷ್ಟರಲ್ಲಿ ಕೋಣೆಯ ಯಜಮಾನರು ಬೀಗದ ಕೈ ವಾಪಸು ಕೇಳಿದರು. ಈಗ ಅಲ್ಲೊಂದು ಜೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರುಗಳು ಅವಳ ಮನೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿವೆ. ಹೋದಾಗಲೆಲ್ಲ ನಾನು ಸೀರೆ ಸರಿಸಿ ಒಂದೊಂದನ್ನೂ ಚಾಲೂ ಮಾಡಿ ನೋಡಿ, ಮತ್ತೆ ಹೊದಿಸಿ ಬರುತ್ತೇನೆ. ತಿಪ್ಪೇಶನ ಜೊತೆ ಈಗಲೂ ಬಸ್ಸಿನಲ್ಲಿ ಮಾತಾಡುತ್ತೇನೆ. ಮೆಕ್ಕೆಜೋಳದ ರೇಟು, ಹಲ್ಲುನೋವು, ಇಂಥವೇ.

ನಾನು ಕೊಟ್ಟೂರಿನಲ್ಲೇ ಇದ್ದೇನೆ. ಸಮ್ಮೇಳನವಾದ ಮರುವಾರ ನಮ್ಮ ಸೆಂಟರಿನಲ್ಲಿ ಸ್ಟೀಲಿನ ಲೋಟಗಳು ಹೋಗಿ, ಒಮ್ಮೆ ಕುಡಿದು ಬಿಸಾಡುವ ಪ್ಲಾಸ್ಟಿಕ್ ಕಪ್ಪುಗಳು ಬಂದವು. ಎಲ್ಲರಿಗೂ ಅದೇ. “ಈಗೆಲ್ಲಾ ಹಿಂಗ ನೋಡಪಾ, ತೊಳೆಯೋ ತಂಟೇನ ಇಲ್ಲ” ಎಂದರು ಕೊಟ್ರಪ್ಪನವರು, ನನ್ನ ಮುಖ ನೋಡದೆ. ಹಾಗಾದರೆ ಅವರು ನಂಬಿದರೇ? ಅಥವಾ ನಿಜವಾಗಿಯೂ ತೊಳೆಯುವ ತಂಟೆಯೇ? ಕೇಳಿ ತಿಳಿಯಬಹುದು. ಆದರೆ ಕೇಳಬಾರದ್ದನ್ನು ಕೇಳದೆ ಇರುವುದರಲ್ಲಿ ನಾವಿಬ್ಬರೂ ಈಗ ಒಂದೇ ಪೈಕಿ.

ಆಯುಧಪೂಜೆಗೆ ಅತಿಥಿಗಳು ಬಂದರೆ ಅವರು ನನ್ನನ್ನು ಕರೆಯುತ್ತಾರೆ. “ಅದನ್ನ ಮಾಡಪಾ, ಅವತ್ತು ಹರಪನಹಳ್ಳ್ಯಾಗ ಮಾಡಿದ್ದಿಯಲ್ಲ, ಅದನ್ನ.” ಮಾಡುತ್ತೇನೆ. ಐದು ತಾಲ್ಲೂಕಿನಲ್ಲಿ ತನ್ನನ್ನೇ ತಾನು ಅಣಕಿಸಿ ಶಾಲು ಹೊದೆಸಿಕೊಂಡವನು ನಾನೊಬ್ಬನೇ ಇರಬೇಕು. ಆದರೆ ಈ ಸಲ ಅತಿಥಿಗಳು ಅಷ್ಟಾಗಿ ನಗಲಿಲ್ಲ. ಕೊಟ್ರಪ್ಪನವರು ಪ್ರೀತಿಯಿಂದಲೇ ಹೇಳಿದರು: “ಈಗೀಗ ಮೊದಲಿನಂಗ ಬರವಲ್ದು ಬಸವರಾಜಾ. ಒಂದೀಟು ಅವರ ಕೇರಿ ಕಡೆ ಅಡ್ಡಾಡಿ ಬಾ.”

ಹೋದೆ. ಹಬ್ಬದ ಮರುದಿನ ಊರಿಗೆ ಹೋಗಿ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅವ್ವನ ಜೊತೆ ಮಧ್ಯಾಹ್ನವೆಲ್ಲ ಮಾತಾಡಿದೆ. ಮಳೆಯ ಮಾತು, ಅಪ್ಪನ ಕೆಮ್ಮಿನ ಮಾತು, ಹಲಗೆಗೆ ಹೊಸ ಚರ್ಮ ಹೊದಿಸುವ ಮಾತು. ಎಚ್ಚರದಿಂದ, ಒಂದಕ್ಷರವೂ ಕೊಟ್ಟೂರಿನದು ಬೆರೆಯದ ಹಾಗೆ ಮಾತಾಡಿದೆ. ಅವ್ವ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳುತ್ತ ಕೂತಿದ್ದಳು. ಅವಳ ಮುಖ ಅರಳಿತು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ ಕೂಗಿ ಹೇಳಿದಳು:

“ಇಲ್ಲಿ ಕೇಳ ಬರ್ರಬೇ, ನನ್ ಮಗ ಎಷ್ಟು ಚಂದ ಮಾಡ್ತಾನ! ಥೇಟ್ ನಮ್ಮಂಗೇ!”

ಅವರೆಲ್ಲ ಬಂದು ಸುತ್ತ ಕೂತರು. ಮಾಡು ಮಾಡು ಎಂದರು. ಮಾಡಿದೆ. ನಕ್ಕರು. ನಾನು ಎದ್ದು, ಅಭ್ಯಾಸದ ಹಾಗೆ, ಸಭೆಗೆ ಕೈ ಮುಗಿದೆ.